ಬೆನ್ನ ಹಿಂದಿನ ‘ಬಾ’

ಮೊನ್ನೆ ಹಳಿಯಾಳದ ಬಸ್ ನಿಲ್ದಾಣದಲ್ಲಿ ಒಬ್ಬ ತಾಯಿ ಹಿಂದೆ ಉಳಿದ ಮಗನನ್ನು ‘ಬಾ, ಬಾ’ ಎಂದು ಕರೆದಳು. ದಿನಕ್ಕೆ ನೂರು ಸಲ ಕೇಳುವ ಮಾತು. ಆದರೂ ಹಸಿ ಬಿದಿರಿನ ವಾಸನೆ ಮೂಗಿಗೆ ಬಡಿದಂತಾಗಿ, ಅರವತ್ತರ ದಶಕದ ದಾಂಡೇಲಿಯ ನಮ್ಮ ಸಾಲುಮನೆಗಳ ಚಾಳು ಕಣ್ಣ ಮುಂದೆ ನಿಂತಿತು. ಈಗ ಆ ಚಾಳೂ ಇಲ್ಲ, ಅಲ್ಲಿದ್ದವರೂ ಇಲ್ಲ. ನಿಮಗೂ ಇಂಥದೊಂದು ಶಬ್ದ ಇದ್ದೀತು.

ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ ಕಡೆಯಿಂದ ಬಂದವರು ನಾವು. ಒಂದೇ ಗೋಡೆಯ ಆಚೆ ಬೆಳಗಾವಿ ಕಡೆಯ ಮರಾಠಿ ಮನೆ. ನಾವು ಅಜ್ಜಿಗೆ ಆಯಿ ಅನ್ನುತ್ತಿದ್ದೆವು. ಅವರಲ್ಲಿ ಆಯಿ ಅಂದರೆ ಅವ್ವ. ನಮ್ಮಲ್ಲಿ ‘ಬಾ’ ಅಂದರೆ ಕರೆಯುವುದು. ಆ ಮನೆಯ ಹುಡುಗಿ, ನನ್ನ ವಾರಿಗೆಯ ಹೌಸಾ, ಅದೇ ಒಂದಕ್ಷರದಿಂದ ತನ್ನ ಅಪ್ಪನನ್ನು ಕೂಗುತ್ತಿದ್ದಳು. ಈಚೆ ನಮ್ಮಪ್ಪ ‘ಬಾ’ ಅಂದರೆ ನಾನು ಏಳುತ್ತಿದ್ದೆ, ಆಚೆ ಹೌಸಾ ‘ಬಾ’ ಅಂದರೆ ಅವಳಪ್ಪ ಮಾರುತಿ ಕಾಕಾ ‘ಓ’ ಅನ್ನುತ್ತಿದ್ದ. ಯಾರಿಗೂ ಗೊಂದಲವಿರಲಿಲ್ಲ. ಕಾಕಾ ಕಾಡಿನಿಂದ ಬಿದಿರು ತರುವ ಲಾರಿಯ ಮೇಲೆ ಹಮಾಲಿ ಮಾಡುತ್ತಿದ್ದ. ಸಂಜೆ ಬಂದವನೇ, ಆ ಹಸಿ ವಾಸನೆಯ ಅಂಗಿ ಕಳೆಯುವ ಮೊದಲೇ, ನಮ್ಮಿಬ್ಬರನ್ನೂ ಎರಡು ತೋಳಿಗೆ ಜೋತುಬೀಳಿಸಿಕೊಂಡು ತಿರುಗಿಸುತ್ತಿದ್ದ.

ನಮ್ಮ ಆಯಿಗೆ ಒಂದೇ ಹುಚ್ಚು: ಹೊರಟವರನ್ನು ಹಿಂದಿನಿಂದ ಕೂಗಬಾರದು. ಕೂಗಿದರೆ ಅವರು ಮರಳಿ ಬಂದು, ಕೂತು, ನೀರು ಕುಡಿದೇ ಹೋಗಬೇಕು. ಒಂದು ಮುಂಜಾನೆ ಕಾಕಾ ಬುತ್ತಿ ಮರೆತು ಹೊರಟ. ಹೌಸಾ ಬುತ್ತಿಗಂಟು ಹಿಡಿದು ‘ಬಾ! ಬಾ!’ ಎಂದು ಕೂಗುತ್ತ ಓಡಿದಳು. ಕಟ್ಟೆಯ ಮೇಲಿದ್ದ ಆಯಿ, “ಮಾರುತೀ, ಒಂದ್ ಗಳಿಗಿ ಕುಂತು ನೀರು ಕುಡದು ಹೋಗಪಾ,” ಅಂದಳು.

“ಲಾರಿ ನಿಂತೈತ್ರಿ. ಸಂಜೀಕ ಬಂದ್ ಕುಡೀತೇನಿ,” ಎಂದು ನಕ್ಕು, ಮಗಳ ತಲೆ ಸವರಿ ಹೋದ. ಆ ಲಾರಿ ಅಣಶಿ ಘಟ್ಟದ ತಿರುವಿನಲ್ಲಿ ಉರುಳಿತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆಯಿ ರೊಟ್ಟಿ, ಝುಣಕ ಮಾಡಿ ಒಯ್ದಳು. ನಾನೂ ಬೆನ್ನು ಹತ್ತಿದೆ. ಮೂಲೆಯಲ್ಲಿ ಕೂತ ಹೌಸಾಳ ಮುಂದೆ ತಾಟು ಇಡುತ್ತ ಆಯಿ ಅಂದಳು: “ನೀ ಅಪ್ಪಾ ಅಂತನ ಕೂಗಿದಿ, ನನಗ ಗೊತ್ತೈತಿ. ಯಾವ ಭಾಷಾದಾಗ ಕೂಗಿದ್ರೇನ ತಂಗಿ, ಹೊಂಟಾಂವ್ನ ಬೆನ್ನ ಹಿಂದ ಕೂಗಿದ್ದು ಕೂಗಿದ್ದ.”

ಎಲುಬಿಲ್ಲದ ನಾಲಿಗೆ ಎಂದು ಸುಮ್ಮನೆ ಅಂದಿಲ್ಲ ಹಿರಿಯರು. ಅಲ್ಲಿ ಕೂತ ಹೆಂಗಸರು ತಲೆದೂಗಿದರು. ಹೌಸಾಳ ಅವ್ವ ಅತ್ತು ಕೆಂಪಾದ ಕಣ್ಣೆತ್ತಿ ಮಗಳನ್ನು ನೋಡಿದಳು. ಬುತ್ತಿ ಕೊಡಲು ಓಡಿದ ಮಗುವಿನ ತಲೆಗೆ ಅಪ್ಪನ ಸಾವು ಕಟ್ಟಿ ಬಂದಳು ನಮ್ಮ ಆಯಿ. ನನ್ನನ್ನು ಎತ್ತಿ ಆಡಿಸಿದವಳು ಅವಳು, ಆದರೂ ಇವತ್ತಿಗೂ ನಾನು ಅವಳನ್ನು ಕ್ಷಮಿಸಿಲ್ಲ.

ಅಂದಿನಿಂದ ಹೌಸಾ ಆ ಅಕ್ಷರವನ್ನೇ ಬಿಟ್ಟಳು. ಆಟಕ್ಕೆ ನನ್ನನ್ನು ಕರೆಯಬೇಕಾದರೂ ‘ಬಾ’ ಅನ್ನಳು; ಹತ್ತಿರ ಬಂದು ಲಂಗ ಜಗ್ಗುತ್ತಿದ್ದಳು. ನಮ್ಮ ‘ಬಾ’ಗೂ ಅವಳಪ್ಪನ ‘ಬಾ’ಗೂ ಯಾವ ನಂಟೂ ಇರಲಿಲ್ಲ. ಆದರೆ ಆ ಮಗುವಿನ ಬಾಯಲ್ಲಿ ಎರಡೂ ಒಟ್ಟಿಗೇ ಸತ್ತವು.

ಮಳೆಗಾಲಕ್ಕೆ ಮೊದಲು ಅವಳ ಸೋದರಮಾವ ಬಂದು ತಾಯಿ ಮಗಳನ್ನು ಊರಿಗೆ ಕರೆದೊಯ್ದ. ಗಂಟು ಹೊತ್ತು ಮೂವರೂ ಬಸ್ಸಿಗೆ ನಡೆದರು. ಚಾಳಿನ ತುದಿಯಲ್ಲಿ ಹೌಸಾ ನಿಂತು ಹಿಂತಿರುಗಿ ನೋಡಿದಳು. ನಾನು ಬಾಯಿ ತೆರೆದೆ. ಆಯಿಯ ಕೈ ಬಂದು ಮುಚ್ಚಿತು. ಹೌಸಾ ಇನ್ನೂ ಸ್ವಲ್ಪ ಹೊತ್ತು ಕಾದಳು. ಹೊರಟವರನ್ನು ಕೂಗಬಾರದೆಂದು, ಇಡೀ ಚಾಳಿನಲ್ಲಿ ಒಬ್ಬರೂ ಅವಳನ್ನು ಕೂಗಲಿಲ್ಲ.