ಕೇಸು ವೇರೆ, ಕಾಪಿ ವೇರೆ

ಮನೆ ಖಾಲಿ ಮಾಡಿಸಲು ನಮ್ಮ ಮೇಲೆ ಕೇಸು ಬಿದ್ದ ದಿನ ಕೋರ್ಟಿನ ನೋಟೀಸಿನ ಹಿಂದೆಯೇ ಕಾಫಿಯೂ ಬಂತು. ನೋಟೀಸು ತಂದವನು ಕೋರ್ಟಿನ ಜವಾನ. ಕಾಫಿ ತಂದವರು ಕೇಸು ಹಾಕಿದ ಮನೆ ಮಾಲೀಕರೇ. ಅಂದು ಬೆಳಿಗ್ಗೆ ನಮ್ಮ ಹಾಲು ಒಡೆದದ್ದು ಮೇಲಿನ ಮನೆಗೆ ಹೇಗೋ ಗೊತ್ತಾಗಿತ್ತು. ಅಪ್ಪ ಒಂದು ಕೈಯಲ್ಲಿ ನೋಟೀಸು ಹಿಡಿದು, ಇನ್ನೊಂದು ಕೈ ಚಾಚಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದ.

"ತೊಗೊಳ್ಳಿ ಸಾರ್," ಎಂದರು ಮಾಲೀಕರು. "ಕೇಸು ವೇರೆ, ಕಾಪಿ ವೇರೆ."

ಅಪ್ಪ ತೆಗೆದುಕೊಂಡ. ಧಾರವಾಡದಲ್ಲಿ ಚಹಾ ಕುಡಿದು ಬೆಳೆದ ಮನುಷ್ಯನನ್ನು ಮದ್ರಾಸು ಅಷ್ಟರಮಟ್ಟಿಗೆ ಪಳಗಿಸಿತ್ತು.

ನಾವು ಬಾಡಿಗೆಗಿದ್ದದ್ದು ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ. ಕೆಳಗೆ ನಾವು, ಮೇಲೆ ಮಾಲೀಕರು. ನನಗೆ ಅವರು ಮಾಮಾ, ಅವರ ಹೆಂಡತಿ ಮಾಮಿ, ಅವರ ಒಬ್ಬಳೇ ಮಗಳು ಅಕ್ಕ. ಅವರೂ ನಮ್ಮ ಹಾಗೆ ಮಾಧ್ವರು, ಮನೆಮಾತೂ ಕನ್ನಡವೇ. ಆದರೆ ತಲೆಮಾರುಗಳಿಂದ ಅಲ್ಲೇ ಇದ್ದು ಆ ಕನ್ನಡಕ್ಕೆ ತಮಿಳಿನ ಒಗ್ಗರಣೆ ಜೋರಾಗಿ ಬಿದ್ದಿತ್ತು. ನಮ್ಮವ್ವ ಮಾತ್ರ ಮದುವೆಯಾಗಿ ಆ ಮನೆಗೆ ಬಂದಾಗ ತಂದ ಧಾರವಾಡದ ಮಾತನ್ನು ಒಂದಿಷ್ಟೂ ಸಡಿಲಿಸಿರಲಿಲ್ಲ. ಕೀರೆ ಸೊಪ್ಪು ಮಾರುವವಳ ಹತ್ತಿರವೂ ಅದರಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದಳು.

ಹಿತ್ತಲಿನಲ್ಲಿ ಒಂದು ಬಾವಿಯಿತ್ತು. ಮದ್ರಾಸಿನಲ್ಲಿ ಬೇಸಿಗೆ ಕಳೆದವರಿಗೆ ಬಾವಿಯೆಂದರೆ ಏನೆಂದು ಹೇಳಬೇಕಾಗಿಲ್ಲ. ಓಣಿಯವರೆಲ್ಲ ಬಣ್ಣದ ಕೊಡ ಸಾಲಾಗಿಟ್ಟು ನೀರಿನ ಲಾರಿಗೆ ಕಾಯುವಾಗ ಅವ್ವ ನಮ್ಮ ಬಾವಿಯಿಂದ ಸಿಹಿನೀರು ಸೇದಿ ಕರಿಬೇವಿನ ಗಿಡಕ್ಕೂ ಹಾಕುತ್ತಿದ್ದಳು. ಬಂದ ನೆಂಟರಿಗೆ ಮೊದಲು ತೋರಿಸುತ್ತಿದ್ದದ್ದು ನನ್ನ ಅಂಕಪಟ್ಟಿಯನ್ನಲ್ಲ, ಆ ಬಾವಿಯನ್ನು. ಮನೆ ಹೋದರೆ ಅದೂ ಹೋಗುತ್ತದೆ ಎಂಬುದೇ ಅವಳಿಗೆ ದೊಡ್ಡ ಸಂಕಟ.

ಮಾಮಾ ಕೇಸು ಹಾಕಿದ ಕಾರಣ ಸುಳ್ಳೇನೂ ಅಲ್ಲ. ಅಕ್ಕನಿಗೆ ಮದುವೆಯಾದ ಮೇಲೆ ಅವಳೂ ಅಳಿಯನೂ ಕೆಳಗಿನ ಮನೆಯಲ್ಲಿ ಇರಬೇಕು, ಮೊಣಕಾಲು ನೋವಿನ ಮಾಮಿಯನ್ನು ನೋಡಿಕೊಳ್ಳಬೇಕು ಎಂದು ಅವರ ಆಸೆ. ಅಪ್ಪನನ್ನು ಒಂದೆರಡು ಸಲ ಬಾಯಲ್ಲಿ ಕೇಳಿಯೂ ಇದ್ದರು. ಅಪ್ಪ "ನೋಡೋಣ್ರಿ" ಎಂದು ತಳ್ಳಿದ್ದ. ತಳ್ಳಿ ತಳ್ಳಿ ಕೊನೆಗೆ ಅದು ಬಾಡಿಗೆ ಕೋರ್ಟಿಗೆ ಹೋಗಿ ಬಿತ್ತು. ಆದರೆ ಒಂದು ತಮಾಷೆಯಿತ್ತು. ಅಳಿಯನೇ ಇನ್ನೂ ಸಿಕ್ಕಿರಲಿಲ್ಲ. ಅಕ್ಕನ ಜಾತಕದಲ್ಲಿ ಕುಜದೋಷ. ಬಂದ ಸಂಬಂಧಗಳೆಲ್ಲ ಜಾತಕದ ಮೊದಲ ಮನೆ ದಾಟುವಷ್ಟರಲ್ಲಿ ವಾಪಸು ಹೋಗುತ್ತಿದ್ದವು.

ಅದನ್ನೇ ನಮ್ಮ ವಕೀಲರು ಹಿಡಿದುಕೊಂಡರು. "ಕೂಸು ಹುಟ್ಟುವ ಮೊದಲೇ ಕುಲಾವಿ" ಎಂಬ ನಮ್ಮ ಗಾದೆಯನ್ನು ಅಪ್ಪ ಅವರಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದ್ದೇ ತಡ, ಅವರು ಮೇಜು ತಟ್ಟಿ ನಕ್ಕರು. "ಅದೇ ನಮ್ಮ ಕೇಸು ಸಾರ್. ಹುಡುಗಿಗೆ ಮದುವೆ ಗೊತ್ತಾಗುವವರೆಗೆ ಅವರ ಅರ್ಜಿಗೆ ಕಾಲೇ ಇಲ್ಲ. ನೀವು ನಿಶ್ಚಿಂತೆಯಿಂದ ಇರಿ."

ಅಪ್ಪ ಆ ರಾತ್ರಿ ಊಟಕ್ಕೆ ಕೂತು ಇದನ್ನು ಖುಷಿಯಿಂದ ಹೇಳಿದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಂದ್ರ, ಆ ಹುಡುಗಿ ಮದುವಿ ಆಗೂತನಕಾ ನಮ್ಮ ಮನಿ ನಮಗ?"

"ಹೌದು ನೋಡು. ವಕೀಲ್ರು ಭಾಳ ಶಾಣ್ಯಾ ಇದ್ದಾರ."

"ಶಾಣ್ಯಾರಂತ, ಶಾಣ್ಯಾರು. ಅಲ್ರೀ, ನಾ ದಿನಾ ಸಂಜಿಗೆ ದೇವರ ಮುಂದ ದೀಪಾ ಹಚ್ಚಿ ಏನ್ ಬೇಡ್ಕೋಬೇಕು? ಆ ಕೂಸಿಗೆ ಗಂಡು ಸಿಗಬಾರದು, ನಮಗ ಬಾವಿ ಉಳೀಬೇಕು ಅಂತನ? ನನ್ನ ಕೈಯಾಗ ಎಣ್ಣಿ ಹಚ್ಚಿಸ್ಕೊಂಡು ಬೆಳದದ ಅದು."

ಮಾತು ಸುಳ್ಳಲ್ಲ. ಮಾಮಿ ಆಫೀಸಿಗೆ ಹೋಗುತ್ತಿದ್ದ ಕಾಲದಲ್ಲಿ ಅಕ್ಕ ಶಾಲೆಯಿಂದ ನೇರ ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಅವ್ವ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ನನಗೆ ಸೈಕಲ್ ಕಲಿಸಿದವಳೂ ಅವಳೇ. ಆದರೂ ಅವ್ವನ ಮಾತು ಕೇಳಿ ನನಗೆ ರೇಗಿತು. ನಾನು ಆಗ ಕಾಲೇಜಿನ ಕೊನೆಯ ವರ್ಷದ ಹುಡುಗಿ. ನಾಲಿಗೆಗೆ ಲಗಾಮು ಇರಲಿಲ್ಲ. ಈಗಲೂ ಇಲ್ಲ, ಬಿಡಿ.

"ಅವರ ಮಗಳ ಚಿಂತಿ ಅವರು ಮಾಡ್ಲಿ. ನೀ ಸುಮ್ಮನ ದೀಪಾ ಹಚ್ಚು, ಏನೂ ಬೇಡ್ಕೋಬ್ಯಾಡ," ಎಂದೆ.

"ನೀ ಸುಮ್ನ ಉಣ್ಣು," ಎಂದಳು ಅವ್ವ.

ಸುಮ್ಮನೆ ಕೂರುವುದು ಅವಳ ಜಾಯಮಾನವೇ ಅಲ್ಲ. ಶ್ರಾವಣ ಮಾಸ ಬಂತು. ರಾಯರ ಆರಾಧನೆಯ ಊಟದ ಪಂಕ್ತಿಯಲ್ಲಿ ಅವ್ವನ ಪಕ್ಕ ತಾಂಬರಂನ ಒಬ್ಬ ಹೆಂಗಸು ಕೂತಿದ್ದರಂತೆ. ಪಲ್ಯ ಬಡಿಸುವಾಗ ಮಾತು ಶುರುವಾಗಿ ಪಾಯಸ ಬರುವಷ್ಟರಲ್ಲಿ ಗೋತ್ರ, ನಕ್ಷತ್ರ ಎಲ್ಲ ಮುಗಿದಿತ್ತು. ಆಕೆಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನಿಗೆ ಗಿಂಡಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಅವನಿಗೂ ಕುಜದೋಷ. ದೋಷಕ್ಕೆ ದೋಷ ಕೂಡಿದರೆ ದೋಷವೇ ಇಲ್ಲ ಎಂದು ಅವ್ವನೇ ಅಲ್ಲಿ ತೀರ್ಪು ಕೊಟ್ಟು ಕೈ ತೊಳೆದು ಬಂದಳು.

ಸುದ್ದಿ ಕೇಳಿ ಅಪ್ಪ ತಲೆಯ ಮೇಲೆ ಕೈ ಹೊತ್ತ. ನಾನಂತೂ ಕೂಗಾಡಿದೆ. ಯಾರಾದರೂ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆಯೇ? ಅವ್ವ ಇಬ್ಬರನ್ನೂ ನೋಡಿ ನಕ್ಕಳು.

"ನೀವಿಬ್ರೂ ಓದಿ ಹಾಳಾದ್ರಿ. ಆ ಹುಡುಗಗ ಕ್ರೋಂಪೇಟೆಯಾಗ ಸ್ವಂತ ಫ್ಲಾಟ್ ಅದ. ಸ್ವಂತ ಮನಿ ಇಟ್ಕೊಂಡ ಗಂಡಸು ಮಾವನ ಮನಿಯಾಗ ಯಾಕ ಬಂದು ಕೂಡ್ತಾನ? ಹುಡುಗಿ ಮದುವಿನೂ ಆಗ್ತದ, ನಮ್ಮ ಮನಿನೂ ಉಳೀತದ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಅವ್ವನ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ನಮ್ಮಿಬ್ಬರಿಗೂ ಆಗಲಿಲ್ಲ.

ತಪ್ಪು ಹುಡುಕಿಕೊಟ್ಟವರು ವಕೀಲರು. ಅಷ್ಟರಲ್ಲಿ ಹುಡುಗ ಬಂದು ಅಕ್ಕನನ್ನು ನೋಡಿ ಒಪ್ಪಿಯಾಗಿತ್ತು. ಅವ್ವ ಹೆಮ್ಮೆಯಿಂದ ನಮ್ಮ ಜೊತೆ ವಕೀಲರ ಆಫೀಸಿಗೆ ಬಂದು, ಫ್ಲಾಟಿನ ವಿಷಯವನ್ನು ತಾನೇ ಹೇಳಿದಳು; ಅಪ್ಪ ಅದನ್ನು ತಮಿಳು ಮಾಡಿದ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ಕ್ರೋಂಪೇಟೆ ಮದ್ರಾಸಲ್ಲ. ಅದು ನಗರದ ಗಡಿಯ ಆಚೆ, ಬೇರೆ ಜಿಲ್ಲೆ. ಇದೇ ಊರಿನೊಳಗೆ ಸ್ವಂತ ಮನೆಯಿದ್ದರೆ ಮಾತ್ರ ಕೋರ್ಟು ಲೆಕ್ಕಕ್ಕೆ ಹಿಡಿಯೋದು."

ಅಪ್ಪ ಕನ್ನಡದಲ್ಲಿ ತಿಳಿಸಿದ. ಅವ್ವ ನಂಬಲಿಲ್ಲ. "ಇಲ್ಲಿಂದ ಹತ್ತಿದ್ರ ಅದೇ ಎಲೆಕ್ಟ್ರಿಕ್ ರೈಲು ಹೋಗ್ತದಲ್ರೀ. ನಡುವ ಎಲ್ಲೂ ಇಳಿಯೂದೇ ಬ್ಯಾಡ. ಅದು ಹ್ಯಾಂಗ ಬ್ಯಾರೆ ಊರಾಗ್ತದ?"

ಕಾನೂನು ರೈಲು ಹತ್ತುವುದಿಲ್ಲ ಎಂದರು ವಕೀಲರು. ಇನ್ನೊಂದು ಸುದ್ದಿಯನ್ನು ಆ ಸಂಜೆ ಮಾಮಿ ತಾವೇ ಇಳಿದು ಬಂದು ಸಂತೋಷದಿಂದ ಹೇಳಿದರು. ಹುಡುಗ ಕೆಳಗಿನ ಮನೆಗೆ ಬರಲು ಒಪ್ಪಿದ್ದಾನೆ. ಅತ್ತೆಯ ಕಾಲು ನೋವಿನ ವಿಷಯ ಕೇಳಿ ತಾನಾಗಿಯೇ ಹೇಳಿದನಂತೆ. ಅವನಿಗೆ ಗಿಂಡಿಯೂ ಹತ್ತಿರ, ಅಕ್ಕ ಕೆಲಸ ಮಾಡುವ ಬ್ಯಾಂಕೂ ಹತ್ತಿರ.

ಮಾಮಿ ಮೇಲೆ ಹೋದ ಮೇಲೆ ನಾನು ಅವ್ವನ ಹಿಂದೆ ಬಿದ್ದೆ. ಇನ್ನೂ ನಿಶ್ಚಿತಾರ್ಥವಾಗಿಲ್ಲ. ತಾಂಬರಂನ ಆ ಹೆಂಗಸಿನ ಕಿವಿಯಲ್ಲಿ ಒಂದು ಮಾತು ಹಾಕಿದರೆ ಸಾಕು, ಸಂಬಂಧ ಅಲ್ಲಿಗೇ ನಿಲ್ಲುತ್ತದೆ, ಮನೆ ಉಳಿಯುತ್ತದೆ. ಅವ್ವ ನನ್ನನ್ನು ನೋಡಿದ ನೋಟ ಈಗಲೂ ಚುರುಕ್ಕೆನ್ನುತ್ತದೆ.

"ಆ ಮಾತು ಇನ್ನೊಮ್ಮೆ ಬಾಯಾಗ ತಂದ್ರ ನೋಡು," ಎಂದಳು. ಆಮೇಲೆ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಕೊಡ ನೀರು ಸೇದಿ ತಂದಳು. ಅವಳು ಮನೆಗೆ ಎಳ್ಳುನೀರು ಬಿಟ್ಟಾಗಿತ್ತು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಷ್ಟೇ ಪ್ರೀತಿಯೂ ಬಂತು.

ಅಪ್ಪ ಸಾಕ್ಷಿ ಹೇಳಬೇಕಾದ ದಿನ ಅವ್ವನೂ ಹೊರಟಳು. ಮಾಂಬಲಂ ಸ್ಟೇಷನ್ನಿನಲ್ಲಿ ರೈಲು ಬಂದಾಗ ಮಾಮಾ ಮೊದಲು ನುಗ್ಗಿ, ಅಪ್ಪನಿಗೂ ಸೇರಿಸಿ ಟವೆಲು ಹಾಸಿ ಜಾಗ ಹಿಡಿದಿದ್ದರು. ಅಪ್ಪ ಹಿಂದೆಮುಂದೆ ನೋಡಿದಾಗ ಮಾಮಾ ಬಾಯಿ ತೆರೆಯುವ ಮೊದಲೇ ನಾನು, "ಗೊತ್ತು ಮಾಮಾ, ಕೇಸು ವೇರೆ, ಸೀಟು ವೇರೆ," ಎಂದೆ. ಬೀಚ್ ಸ್ಟೇಷನ್ ಬರುವವರೆಗೂ ಇಬ್ಬರೂ ಮದುವೆಗೆ ಯಾವ ಅಡುಗೆಯವನನ್ನು ಹಿಡಿಯಬೇಕೆಂದು ಮಾತಾಡಿದರು.

ಕೋರ್ಟಿನ ಮೆಟ್ಟಿಲಲ್ಲಿ ನಮ್ಮ ವಕೀಲರು ಅಪ್ಪನಿಗೆ ಕೊನೆಯ ಪಾಠ ಹೇಳಿದರು. ಮದುವೆಯ ವಿಷಯ ಕೇಳಿದರೆ, ನನಗೆ ಖುದ್ದಾಗಿ ಗೊತ್ತಿಲ್ಲ ಎನ್ನಬೇಕು. ಅಷ್ಟೇ. ಅಪ್ಪ ರಾತ್ರಿಯಿಡೀ ಅದನ್ನು ತಮಿಳಿನಲ್ಲಿ ಬಾಯಿಪಾಠ ಮಾಡಿದ್ದ. ಒಳಗೆ ಫ್ಯಾನಿನ ಸದ್ದಿನಡಿಯಲ್ಲಿ ಕಪ್ಪು ಕೋಟಿನವರು ತುಂಬಿದ್ದರು. ನ್ಯಾಯಾಧೀಶರು ಹೆಂಗಸು, ಅವ್ವನದೇ ವಯಸ್ಸು. ಮಾಮಾನ ಕಡೆಯ ವಕೀಲರು ಅಪ್ಪನ ಎದುರು ನಿಂತರು.

"ಅರ್ಜಿದಾರರ ಮಗಳಿಗೆ ಮದುವೆ ಗೊತ್ತಾಗಿರೋದು ನಿಮಗೆ ಗೊತ್ತೇ?"

ಅಪ್ಪ ಬಾಯಿ ತೆರೆದ. ಹಿಂದಿನ ಬೆಂಚಿನಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವ್ವನನ್ನು ಒಮ್ಮೆ ನೋಡಿದ.

"ಗೊತ್ತು," ಎಂದ.

"ಹೇಗೆ ಗೊತ್ತು?"

"ನನ್ನ ಹೆಂಡತಿಯೇ ಕೂಡಿಸಿದ ಸಂಬಂಧ."

ಟೈಪ್ ಮಾಡುವಾಕೆಯ ಕೈ ನಿಂತಿತು. ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಮುಂದಕ್ಕೆ ಬಾಗಿ ತಾವೇ ಕೇಳಿದರು. "ಇದರಿಂದ ನಿಮ್ಮ ಕೇಸಿಗೆ ತೊಂದರೆ ಅಂತ ಆಕೆಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು ಅಮ್ಮಾ. ಮನೆಯಲ್ಲಿ ಹೇಳಿ ನೋಡಿದೆ. ನಡೆಯಲಿಲ್ಲ."

ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಹಿಡಿದ ಫೈಲು ಅಲ್ಲಾಡುತ್ತಿತ್ತು. ಅದು ಕೆಳಗಿಳಿದ ಮೇಲೆ ಎರಡೂ ಕಡೆಯ ವಕೀಲರಿಗೆ, ಹೊರಗೆ ಹೋಗಿ ಮಾತಾಡಿ ರಾಜಿ ಮಾಡಿಕೊಂಡು ಬನ್ನಿ, ಇವರಿಗೆ ನನ್ನ ಅಗತ್ಯವಿಲ್ಲ ಎಂದರು.

ಹೊರಗಿನ ಮರದ ಕೆಳಗೆ ಅವ್ವ ಡಬ್ಬಿ ಬಿಚ್ಚಿ ಎಲ್ಲರಿಗೂ ಮೊಸರನ್ನ ಹಂಚಿದಳು. ಎದುರಾಳಿಯ ವಕೀಲರಿಗೂ ಒಂದು ಪಾಲು ಸಿಕ್ಕಿತು. ಮಾಮಾ ಕೈ ತೊಳೆದು ಬಂದು ಅಪ್ಪನ ಮುಂದೆ ನಿಂತರು.

"ಸಾರ್, ಅವಸರ ಇಲ್ಲ. ಕಲ್ಯಾಣ ಮುಗೀಲಿ. ಅಳಿಯನ ಫ್ಲಾಟು ಸುಮ್ಮನೆ ಪೂಟ್ಟಿ ಬೀಗ ಹಾಕಿ ಇದೆ. ನೀವೇ ಅಲ್ಲಿ ಇರಿ. ಬೇರೆಯವರನ್ನ ಅವನು ನಂಬಲ್ಲ."

ಹೀಗೆ ಅವ್ವ ನಮ್ಮ ಮನೆ ಉಳಿಸಲೆಂದು ಹುಡುಕಿದ ಫ್ಲಾಟಿಗೆ ನಾವೇ ಬಾಡಿಗೆಗೆ ಹೋದೆವು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಸಾಮಾನು ಕಟ್ಟುವಾಗಲೆಲ್ಲ ಹಾಡಿದೆ. ಮದುವೆಯಲ್ಲಿ ಅವ್ವ ಓಡಾಡಿದ್ದು ನೋಡಿದರೆ ಹೆಣ್ಣಿನ ತಾಯಿ ಯಾರೆಂದು ಗಂಡಿನ ಕಡೆಯವರಿಗೆ ಅನುಮಾನ ಬರುವಂತಿತ್ತು.

ಕ್ರೋಂಪೇಟೆಯ ನೀರು ಬಾಯಿಗೆ ಹಾಕುವಂತಿರಲಿಲ್ಲ. ಬೇಳೆ ಬೇಯುತ್ತಿರಲಿಲ್ಲ, ಕಾಫಿ ಉಪ್ಪುಪ್ಪು. ಅವ್ವ ಮೊದಲ ಸಂಜೆ ದೇವರ ಗೂಡಿನಲ್ಲಿ ದೀಪ ಹಚ್ಚಿದಾಗ ನಾನು ಚುಚ್ಚಿದೆ. "ಏನ್ ಬೇಡ್ಕೊಂಡಿ? ನೀರು ಸಿಹಿ ಆಗ್ಲಿ ಅಂತನ?"

"ಏನೂ ಬೇಡ್ಕೊಳ್ಳಿಲ್ಲ. ಈಗ ದೇವರ ಮುಂದ ನಿಂದ್ರಲಿಕ್ಕೆ ನಾಚಿಕಿ ಇಲ್ಲ, ಅಷ್ಟೇ," ಎಂದಳು.

ಮೊದಲ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಮ್ಮ ಹೊಸ ಮಾಲೀಕ, ಅಕ್ಕನ ಗಂಡ, ಬೆವರು ಸುರಿಸುತ್ತಾ ನಿಂತಿದ್ದ. ಎರಡೂ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕ್ಯಾನು. ಮಾಂಬಲಂನ ಬಾವಿಯ ನೀರು. ಅಕ್ಕ ಬೆಳಿಗ್ಗೆಯೇ ಸೇದಿ, ಬಟ್ಟೆಯಲ್ಲಿ ಸೋಸಿ, ಅವನ ಕೈಗೆ ಕೊಟ್ಟು ಎಲೆಕ್ಟ್ರಿಕ್ ರೈಲು ಹತ್ತಿಸಿದ್ದಳು. ಬಾಡಿಗೆದಾರರಿಗೆ ಮಾಲೀಕನೇ ನೀರು ಹೊತ್ತು ತಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮುಂದೆ ನಾವು ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಅವನು ಭಾನುವಾರ ತಪ್ಪಿಸಿದ್ದು ಕಡಿಮೆ.

ಅಂದು ಅವ್ವ ಒಂದು ಲೋಟ ನೀರನ್ನು ನಿಧಾನವಾಗಿ ಕುಡಿದಳು. ಕಣ್ಣು ತುಂಬಿತ್ತು. ಅದೇ ನೀರಿನಲ್ಲಿ ಕಾಫಿ ಮಾಡಿ ಅವನ ಮುಂದಿಟ್ಟು ಎದುರಿಗೆ ಕೂತಳು. ಅವಳ ಜಾಯಮಾನ ಎಲ್ಲಿ ಹೋಗುತ್ತದೆ?

"ನಿಮ್ಮ ಆಫೀಸಿನಾಗ ಮದುವಿ ಆಗದ ಒಳ್ಳೇ ಹುಡುಗರು ಯಾರರೆ ಇದ್ದಾರೇನಪಾ? ನಮ್ಮಾಕಿದೂ ಓದು ಮುಗೀತು."

ನಾನು ಒಳಗಿನಿಂದಲೇ ಕೂಗಿದೆ. "ಅವ್ವಾ, ಈ ಸಲರೆ ಊರಿನ ಗಡಿ ಒಳಗ ಫ್ಲಾಟ್ ಇರೋವನ್ನ ನೋಡು."

"ಫ್ಲಾಟ್ ಎಲ್ಲೇ ಇರ್ಲಿ," ಎಂದಳು ಅವ್ವ. "ಹಿಂಗ ನೀರು ಹೊತ್ತು ತರೋ ಮನಸ್ಸಿದ್ರ ಸಾಕು."

ಹುಡುಗ ನಾಚಿ ತಲೆ ತಗ್ಗಿಸಿಕೊಂಡು ಕಾಫಿ ಕುಡಿದ.