ಕೋಣೆ ಖಾಲಿ ಮಾಡಿಸಿದವರಿಗೆ

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ನನ್ನ ಪಕ್ಕ ಗುಂಡಿಗೆ ಕಾಜಾ ಹಾಕುತ್ತಿದ್ದ ಗೆಳೆಯ ಬಿಹಾರದವನು. ಅವನ ಕನ್ನಡವನ್ನು ಅಣಕಿಸಿ ಚಹಾದಂಗಡಿಯನ್ನೆಲ್ಲ ನಗಿಸಿದ ಮಹಾನುಭಾವ ನಾನೇ. ಎಲ್ಲರಿಗಿಂತ ಜೋರಾಗಿ ನಕ್ಕ ಅವನ ಮನೆಮಾಲೀಕರು, "ಹೊರಗಿನವ್ರು ಭಾಳ ಆಗ್ಯಾರ" ಎನ್ನುತ್ತ ಮರುದಿನವೇ ಅವನ ಕೋಣೆ ಖಾಲಿ ಮಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

ವಾರದ ಮೇಲೆ ಅದೇ ಅಂಗಡಿಯಲ್ಲಿ ಆ ಮಾಲೀಕರು, "ಲೇ, ಆ ಬಿಹಾರಿದು ಇನ್ನೊಮ್ಮೆ ಮಾಡಿ ತೋರ್ಸು" ಎಂದರು.

ನಾನು ತೀರಿಹೋದ ಅವರಪ್ಪನ ನಡುಗುದನಿ ತೆಗೆದೆ. "ಮೊಳಕಾಲ್ಮೂರಿಂದ ಮಗ್ಗ ಹೊತ್ಕೊಂಡು ಬಂದಾಗ ಈ ಊರಾಗ ನಮಗ್ಯಾರೂ ಮನಿ ಕೊಡ್ಲಿಲ್ರಿ." ಮುದುಕರು ಅದನ್ನು ಊರಿಗೆಲ್ಲ ಹೇಳಿಕೊಂಡೇ ಸತ್ತಿದ್ದರು.

"ಸತ್ತೋರ್ನ ಯಾಕ ಎಳೀತೀಯಲೇ?"

"ಅವ್ರೂ ಹೊರಗಿನವ್ರೇ ಅಲ್ರೀ?"

ಅವರು ಅರ್ಧ ಚಹಾ ಬಿಟ್ಟು ಎದ್ದುಹೋದರು. ಕೋಣೆಗೆ ಇನ್ನೂ ಬೀಗವಿದೆ. ಗೆಳೆಯ ನಮ್ಮ ಪಡಸಾಲೆಯಲ್ಲಿ ಮಲಗುತ್ತಾನೆ. ಬೀಗ ತೆಗೆಯುವವರೆಗೂ ಆ ಮುದುಕರನ್ನು ನಾನು ಸಾಯಲು ಬಿಡುವುದಿಲ್ಲ.