ಊರಿಗೆ ಹೋಗುವವರ ಕೈಯಲ್ಲಿ

೧೯೮೪ರ ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಆರೂವರೆ. ನಾಗಪುರದ ನಮ್ಮ ಬಾಡಿಗೆ ಮನೆಯ ಮುಂದೆ ನಾನು, ನನ್ನ ಹೆಂಡತಿ, ಎದುರುಮನೆಯ ಗುಮಾಸ್ತರು, ಅವರ ಟ್ರಂಕು ಹೇರಿಕೊಂಡ ಸೈಕಲ್ ರಿಕ್ಷಾದವನು.

ವಾಯುಪಡೆಯವನಾದ ನಾನು ಆ ಹೊತ್ತಿಗೆ ಕ್ಷೌರ, ಸ್ನಾನ ಮುಗಿಸಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಟ್ರಂಕು ಕಂಡದ್ದೇ ಬಕೆಟ್ಟು ಕೆಳಗಿಟ್ಟೆ.

ಮಾರ್ಚ್‌ನಲ್ಲಿ ಅಪ್ಪನನ್ನು ಕರೆಸಿ ರಾಮದಾಸಪೇಠದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆ. ದಪ್ಪ ಗಾಜಿನ ಕನ್ನಡಕ ಸಿದ್ಧವಾದದ್ದು ಅವರು ಗದಗಿಗೆ ಮರಳಿದ ಮೇಲೆ. ಅದಿಲ್ಲದೆ ಅವರಿಗೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯುತ್ತಿರಲಿಲ್ಲ. ನಾನೇ ಒಯ್ಯೋಣವೆಂದರೆ ರಜೆ ಮುಗಿದಿತ್ತು.

ನಮ್ಮ ಓಣಿಯ ಎಂಟು ಕನ್ನಡ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಊರಿಗೆ ಹೊರಡುವವರು ವಾರ ಮೊದಲೇ ಹೇಳಬೇಕು, ಉಳಿದವರ ಗಂಟುಗಳನ್ನು ಒಯ್ಯಬೇಕು. ಗುಮಾಸ್ತರು ಪ್ರತಿ ಸಲವೂ ತಮ್ಮ ಮಾವನ ಮನೆಗೆಂದು ನನ್ನ ಮೇಲೆ ದೊಡ್ಡ ಸಂತ್ರಾ ಹಣ್ಣಿನ ಬುಟ್ಟಿ ಹೊರಿಸುತ್ತಿದ್ದರು. ಬೇಸತ್ತು ಹಿಂದಿನ ಡಿಸೆಂಬರಿನಲ್ಲಿ ಯಾರಿಗೂ ಹೇಳದೆ ಹೊರಟುಬಿಟ್ಟಿದ್ದೆ. ನಾನೊಬ್ಬ ತಪ್ಪಿಸಿಕೊಂಡರೆ ಪದ್ಧತಿಗೇನೂ ಆಗದು ಎಂದುಕೊಂಡಿದ್ದೆ. ಆಮೇಲೆ ಒಂದೊಂದೇ ಮನೆಯವರು ಸದ್ದಿಲ್ಲದೆ ಹೋಗತೊಡಗಿದರು. ಬಾಗಿಲಿನ ಬೀಗ ನೋಡಿಯೇ ನಮಗೆ ಗೊತ್ತಾಗುತ್ತಿತ್ತು.

"ಏನ್ರೀ, ಹುಬ್ಬಳ್ಳಿಗೆ ಹೊಂಟ್ರೇನು? ಹೇಳಲೇ ಇಲ್ಲಲ್ಲ?" ಎಂದು ಕೇಳಿದೆ.

"ನಿಮ್ಮ ಕಡಿಂದನ ಕಲ್ತೀವ್ರಿ, ಸೀಕ್ರೆಟ್ ಮೂವ್‌ಮೆಂಟ್!" ಗುಮಾಸ್ತರು ನಕ್ಕರು.

"ನಮ್ಮಪ್ಪನ ಕನ್ನಡಕ ಐತ್ರಿ. ಅಂಗೈಯಷ್ಟು ಡಬ್ಬಿ. ದಾರ್ಯಾಗ ಗದಗ ಸ್ಟೇಶನ್ನಿಗೆ ಅಣ್ಣ ಬರ್ತಾನ."

"ಡಿಸೆಂಬರದಾಗ ನಮ್ಮ ಬುಟ್ಟಿ ಕಟ್ಟಿ ಇಟ್ಟಿದ್ವಿ ಸಾಹೇಬ್ರ. ಮೂಲ್ಯಾಗ ಕೊಳತು ನಾರಿತು. ಆವಾಗ ನಿಮ್ಮ ಬಾಗಲಕ್ಕ ಕೀಲಿ ಇತ್ತು."

"ಹಣ್ಣಿಗೂ ಕಣ್ಣಿಗೂ ಬರೋಬರ್ ಮಾಡ್ತೀರೇನು?"

"ನಿಮ್ಮಂಥಾವರದು ಒಯ್ಯೂದಿಲ್ರಿ. ಚಲ್ ಭಾವು, ಜಲ್ದಿ!" ಎಂದು ರಿಕ್ಷಾದವನನ್ನು ಅವಸರಪಡಿಸಿದರು.

ರಿಕ್ಷಾ ಹೋಯಿತು. ಆ ಮನುಷ್ಯನ ಮೇಲೆ ಇಂದಿಗೂ ನನಗೆ ಸಿಟ್ಟಿದೆ. ಹೆಂಡತಿ ಮಾತ್ರ ನನ್ನನ್ನೇ ದುರುಗುಟ್ಟಿ ನೋಡಿ, "ಬುಟ್ಟಿ ಹೊತ್ತಿದ್ರ ಹೆಗಲು ಮುರೀತಿತ್ತೇನು?" ಎಂದು ಒಳಗೆ ಹೋದಳು.

ಉಳಿದ ಆರು ಮನೆಗಳ ಬಾಗಿಲು ತಟ್ಟಿದೆ. ಈ ಬೇಸಿಗೆಯಲ್ಲಿ ಊರಿಗೆ ಹೋಗುವುದಿಲ್ಲವೆಂದರು ಎಲ್ಲರೂ. ಒಬ್ಬರ ಜಗುಲಿಯ ಮೇಲೆ ಹಾಸಿಗೆಯ ಹೋಲ್ಡಾಲ್ ಅರ್ಧ ಸುತ್ತಿಟ್ಟಿತ್ತು.

ಹತ್ತು ಗಂಟೆಗೆ ಡಬ್ಬಿಯೊಳಗೆ ಹತ್ತಿ ತುಂಬಿ, ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿದೆ. ಗಾಜು, ಜೋಪಾನ ಎಂದು ಮೂರು ಭಾಷೆಗಳಲ್ಲಿ ಬರೆದೆ. ಅಂಚೆ ಕಚೇರಿಯವನು ಓದದೆಯೇ ಅದನ್ನು ಹಿಂದಿನ ರಾಶಿಗೆ ಎಸೆದ.

ಸಂಜೆ ಐದಕ್ಕೆ ಇನ್‌ಲ್ಯಾಂಡ್ ಪತ್ರ ಬರೆದೆ. ಅಣ್ಣನೇ ಅಪ್ಪನಿಗೆ ಓದಿ ಹೇಳಬೇಕು. ಕನ್ನಡಕ ಬರುವವರೆಗೆ ಹಿತ್ತಲಿಗೆ ಒಬ್ಬರೇ ಹೋಗಬೇಡಿ ಎಂದೆ. ಊರ ಕಡೆ ಬರುವವರು ಯಾರೂ ಇರಲಿಲ್ಲ ಎಂದು ಕೊನೆಗೆ ಸೇರಿಸಿ, ಅಂಟು ಹಚ್ಚಿ, ಅಂಚೆ ಡಬ್ಬಿಗೆ ಹಾಕಿ ಬಂದೆ.